ಬೂದಿ ಮೂಲೆಯ ಜೋಳ

ಸೈಕಲ್ಲನ್ನು ಬದುವಿಗೆ ಒರಗಿಸುವ ಹೊತ್ತಿಗೆ ಚಿಕ್ಕಪ್ಪ ಮೂರು ಸಾಲಿಗೆ ಯೂರಿಯಾ ಎರಚಿಯಾಗಿತ್ತು. ಹನ್ನೆರಡಕ್ಕೆ ನಮ್ಮ ನೀರಿನ ಸರದಿ. ನೀರು ಹರಿಯಿತೆಂದರೆ ಗೊಬ್ಬರ ಮಣ್ಣಿಗಿಳಿದಂತೆ, ಮತ್ತೆ ಹೆಕ್ಕಿ ತೆಗೆಯಲಾಗದು. ಇನ್ನು ಐದೇ ನಿಮಿಷವಿತ್ತು.

"ಚಿಕ್ಕಪ್ಪ, ನಿಲ್ಸಿ. ಮಣ್ಣು ತೀರಾ ಹುಳಿಯಾಗಿದೆ. ಪಿಎಚ್ ನಾಲ್ಕು ಪಾಯಿಂಟ್ ಏಳು. ಏಳರ ಹತ್ರ ಇರ್ಬೇಕಿತ್ತು."

"ಬಂದ್ಳು ನೋಡು ಮಣ್ಣಿನ ಡಾಕ್ಟ್ರು," ಎಂದರು ಚಿಕ್ಕಪ್ಪ, ಬಕೆಟ್ಟು ಇಳಿಸದೆಯೇ. "ಎಲೆ ಹಳದಿ, ಅಂಚೆಲ್ಲ ನೇರಳೆ. ಜೋಳಕ್ಕೆ ಹಸಿವು ಕಣಮ್ಮ. ಊಟ ಹಾಕೋದು ಬಿಟ್ಟು ನಾಡಿ ಹಿಡ್ಕೊಂಡು ಕೂರ್ಲಾ?"

"ಊಟ ಇದೆ. ತಿನ್ನೋಕಾಗ್ತಿಲ್ಲ."

ಅಜ್ಜಿಯ ಕಥೆಯೊಂದರಲ್ಲಿ ಸೊಸೆಯೊಬ್ಬಳು ತುಂಬಿದ ಕಣಜಕ್ಕೆ ಬೆನ್ನು ಕೊಟ್ಟು ಹಸಿದು ಕೂತಿರುತ್ತಾಳೆ. ಕೀಲಿಕೈ ಅತ್ತೆಯ ಸೊಂಟದಲ್ಲಿ. ಬೆಳಿಗ್ಗೆ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಮೀಟರಿನ ಅಂಕಿ ಇಳಿಯುತ್ತ ಹೋದಾಗ ನನಗೆ ಅವಳೇ ನೆನಪಾಗಿದ್ದಳು. ನೇರಳೆ ಅಂಚು ರಂಜಕ ಸಿಗದ ಗುರುತು, ಆದರೆ ಈ ಹೊಲದಲ್ಲಿ ರಂಜಕಕ್ಕೆ ಬರವಿಲ್ಲ. ಹುಳಿ ಅದನ್ನು ಬೇರಿಗೆ ಸಿಗದಂತೆ ಬಿಗಿದಿಟ್ಟುಕೊಂಡಿದೆ. ವರ್ಷಗಟ್ಟಲೆ ಸುರಿದ ಯೂರಿಯಾ ಆ ಹುಳಿಯನ್ನೇ ಸಾಕಿದೆ.

ಚಿಕ್ಕಪ್ಪ ಜೇಬಿನಿಂದ ನಾಲ್ಕಾಗಿ ಮಡಚಿದ ಚೀಟಿ ತೆಗೆದರು. "ಹೋದ ವರ್ಷದ್ದು. ಆರು ಪಾಯಿಂಟ್ ಎಂಟು. ಕೆಳಗೆ ಸಹಿ ಯಾರದು?"

ನನ್ನದೇ. ಒಂದೇ ವರ್ಷದಲ್ಲಿ ಮಣ್ಣು ಇಷ್ಟು ಕೆಡುವುದಿಲ್ಲ. ಎರಡರಲ್ಲೊಂದು ಸುಳ್ಳು. ಈ ಸಲದ್ದನ್ನು ನಾನೇ ಹತ್ತು ಕಡೆ ಅಗೆದು ತಂದಿದ್ದೆ. ಚಿಕ್ಕಪ್ಪ ನಾಲ್ಕನೆಯ ಸಾಲಿಗೆ ಕೈಹಾಕಿದರು.

"ಹೋದ ವರ್ಷದ ಮಣ್ಣು ಎಲ್ಲಿಂದ ತಂದ್ರಿ?"

"ಹೊಲದಿಂದ. ಚಂದ್ರಲೋಕದಿಂದ ತರ್ತಾರಾ?"

"ಹೊಲದಲ್ಲಿ ಎಲ್ಲಿಂದ?"

ಉತ್ತರ ಬಂದದ್ದು ಹೊಲಕ್ಕೆ ನೀರು ನುಗ್ಗದಂತೆ ತಡೆಯುವ ಕಾಲುವೆಯ ಹಲಗೆ ಹಿಡಿದು ನಿಂತಿದ್ದ ಚಿಕ್ಕಮ್ಮನಿಂದ. "ನಾನು ಒಲೆ ಬೂದಿ ಸುರೀತೀನಲ್ಲ, ಆ ಮೂಲೆಯಿಂದ. ಅಲ್ಲಿ ಮಣ್ಣು ಮೆತ್ತಗಿದೆ, ಅಗೆದ್ರೆ ಸೊಂಟ ನೋಯಲ್ಲ ಅಂದ್ರು ಯಜಮಾನ್ರು."

ಬೂದಿ ಹುಳಿಯನ್ನು ಮುರಿಯುತ್ತದೆ. ಹೋದ ವರ್ಷ ನಾನು ಅಳೆದದ್ದು ಹೊಲವನ್ನಲ್ಲ, ಚಿಕ್ಕಮ್ಮನ ಒಲೆಯನ್ನು.

ಚಿಕ್ಕಪ್ಪ ಮೂಲೆಯತ್ತ ತಿರುಗಿದರು. ಬೂದಿಯ ಪಕ್ಕದಲ್ಲಿ, ಚೀಲದಿಂದ ಉದುರಿದ ಕಾಳಿನಿಂದೆದ್ದ ಒಂದೇ ಒಂದು ಜೋಳದ ಗಿಡ. ಕಡು ಹಸಿರು, ಸಾಲಿನವಕ್ಕಿಂತ ಮೊಳ ಎತ್ತರ.

"ಅದಕ್ಕೆ ಮೇಲುಗೊಬ್ಬರ ಹಾಕಿದ್ಯಾ?"

"ನಿಮ್ಮ ಯೂರಿಯಾ ಮುಟ್ಟೋಕೆ ಬಿಡ್ತೀರಾ ನನ್ನ?" ಎಂದಳು ಚಿಕ್ಕಮ್ಮ.

ಮೇಲಿನ ಹೊಲದವರು ತಮ್ಮ ಹಲಗೆ ಇಳಿಸಿ ನೀರನ್ನು ಮುಂದಕ್ಕೆ ಬಿಟ್ಟಿದ್ದರು. ಕಾಲುವೆಯಲ್ಲಿ ಗುಳುಗುಳು ಸದ್ದು ಹತ್ತಿರವಾಯಿತು. ಚಿಕ್ಕಪ್ಪನ ಮುಷ್ಟಿಯ ಬೆರಳುಗಳ ಸಂದಿನಿಂದ ಬಿಳಿ ಹರಳುಗಳು ಒಂದೊಂದಾಗಿ ಉದುರುತ್ತಿದ್ದವು. ನೀರಿನ ಮೊದಲ ನಾಲಿಗೆ ಹಲಗೆಯ ಬುಡಕ್ಕೆ ಬಂತು.

"ಹಲಗೆ ಎತ್ಲಾ, ಬೇಡ್ವಾ? ಬೇಗ ಹೇಳಿ."

ಅವರು ಮುಷ್ಟಿಯನ್ನು ಬಕೆಟ್ಟಿನೊಳಗೆ ಬಿಚ್ಚಿದರು. "ಬೇಡ. ಬಿಗಿಯಾಗಿ ಒತ್ತಿ ಹಿಡಿ."

ನೀರು ನಮ್ಮನ್ನು ದಾಟಿ ಕೆಳಗಿನ ಹೊಲಕ್ಕೆ ಹರಿಯಿತು. ಆಗ ಕೇಳಿದರು: "ಸುಣ್ಣ ಹಾಕಿದ್ರೆ ಈ ಬೆಳೆ ಉಳಿಯುತ್ತಾ?"

ಕಥೆಯಾಗಿದ್ದರೆ ಹೂಂ ಅನ್ನಬಹುದಿತ್ತು.

"ಅರ್ಧ ಉಳಿದ್ರೆ ಹೆಚ್ಚು. ಸುಣ್ಣ ಮಣ್ಣಿಗೆ ಹಿಡಿಯೋಕೆ ತಿಂಗಳುಗಳೇ ಬೇಕು. ಮುಂದಿನ ಬೆಳೆಗೆ ಸರಿಹೋಗುತ್ತೆ."

ಚಿಕ್ಕಪ್ಪ ಮೊದಲ ಸಾಲಿನ ತುದಿಗೆ ಹೋಗಿ, ನೋಯುವ ಸೊಂಟ ಬಗ್ಗಿಸಿ, ಒಣಮಣ್ಣಿನ ಮೇಲಿನ ಬಿಳಿ ಹರಳುಗಳನ್ನು ಆಯತೊಡಗಿದರು. ನಾನು ಎರಡನೆಯ ಸಾಲಿನಲ್ಲಿ ಕೂತೆ.