ಮೆಟ್ಟಿಲ ಪಕ್ಕದ ಪಾತಿ

ಟಿಕೆಟ್ ಕಿಟಕಿಯ ಮುಂದಿನ ಸಾಲಿನಲ್ಲಿ ಅಪ್ಪ ನಿಂತಿರುವುದು ಕಣ್ಣಿಗೆ ಬಿದ್ದಾಗ ಮಗಳು ಗಿಡಗಳಿಗೆ ಪೈಪು ಹಿಡಿದಿದ್ದಳು. ಆಮೇಲೆ ಸ್ವಲ್ಪ ಹೊತ್ತು ನೀರು ಗಿಡದ ಬುಡಕ್ಕೆ ಹೋಗಲಿಲ್ಲ, ಅವಳ ಚಪ್ಪಲಿಗೇ ಹೋಯಿತು. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬೋಳಿಸಿದ ಮುಖ, ನೀರು ಹಚ್ಚಿ ಬಾಚಿದ ಇದ್ದಬದ್ದ ನಾಲ್ಕು ಕೂದಲು. ಇವತ್ತು ಮಹಡಿ ತೆರೆಯುವುದಿಲ್ಲ, ಇನ್ನೂ ಕೆಲಸ ಬಾಕಿ ಇದೆ ಎಂದು ಬೆಳಿಗ್ಗೆ ಅವಳು ಹೇಳಿಬಂದ ಸುಳ್ಳಿನ ಆಯುಸ್ಸು ಮೂರು ಗಂಟೆಯೂ ಆಗಲಿಲ್ಲ.

ಸುಳ್ಳು ಹೇಳಿ ಪಳಗಿದವಳಾಗಿದ್ದರೆ ಇದಕ್ಕಿಂತ ಗಟ್ಟಿಯಾದದ್ದನ್ನೇ ಹುಡುಕುತ್ತಿದ್ದಳು. ಅಪ್ಪ ಆ ಮನೆಯ ತೋಟದಲ್ಲಿ ಮೂವತ್ತೊಂದು ವರ್ಷ ಮಾಲಿಯಾಗಿದ್ದವನು. ಕೆಲಸ ಬಿಟ್ಟು ಮೂರು ವರ್ಷವಾಗಿದ್ದರೂ ಅಲ್ಲಿನ ಯಾವ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದು ಅವನಿಗೆ ಕಾವಲುಗಾರನಿಗಿಂತ ಚೆನ್ನಾಗಿ ಗೊತ್ತು. ಈಗ ಅವನ ಜಾಗದಲ್ಲಿ ಅವಳು ಇದ್ದಾಳೆ. ಅಪ್ಪನ ಕೈಕೆಳಗೆ ಒಂಬತ್ತು ವರ್ಷ ಬೈಸಿಕೊಂಡು ಕಲಿತ ಕೆಲಸ.

ಮನೆ ಒಬ್ಬ ಚಿತ್ರಕಾರನದು. ಅವನು ತೀರಿಕೊಂಡು ಅರವತ್ತು ವರ್ಷವಾಯಿತು. ಇಪ್ಪತ್ತೈದು ವರ್ಷ ಬೀಗ ಜಡಿದುಕೊಂಡು ಬಿದ್ದಿದ್ದ ಮನೆಯನ್ನು ಆಮೇಲೆ ಟ್ರಸ್ಟಿನವರು ತೆರೆದರು. ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವನು ತನ್ನ ತೋಟವನ್ನೇ ನೋಡಿ ನೋಡಿ ಚಿತ್ರ ಬರೆದವನಾದ್ದರಿಂದ, ತೋಟ ಅವನ ಚಿತ್ರಗಳಲ್ಲಿ ಇರುವ ಹಾಗೆಯೇ ಇರಬೇಕು ಎಂಬುದು ಅಲ್ಲಿನ ಕಟ್ಟಳೆ. ಬೇರೆ ಕಡೆ ತೋಟ ನೋಡಿ ಚಿತ್ರ ಬರೆಯುತ್ತಾರೆ. ಇಲ್ಲಿ ಮಾಲಿ ಚಿತ್ರ ನೋಡಿ ತೋಟ ಮಾಡಬೇಕು. ಹಿತ್ತಲ ಕಲ್ಲುಮೆಟ್ಟಿಲು, ಅದರ ಪಕ್ಕದಲ್ಲೊಂದು ಉದ್ದನೆಯ ಪಾತಿ, ಪಾತಿಯ ತುಂಬ ಆಳೆತ್ತರದ ಹಾಲಿಹಾಕ್ ಗಿಡಗಳು, ಕಾಂಡದುದ್ದಕ್ಕೂ ದಾಸವಾಳದಂಥ ಹಳದಿ ಹೂಗಳು. ಎಲ್ಲಕ್ಕಿಂತ ಹೆಸರಾದ ಚಿತ್ರ ಅದು. ಮಹಡಿಯ ಕೋಣೆಯಲ್ಲಿ, ಆ ಪಾತಿಯನ್ನೇ ನೋಡುವ ಕಿಟಕಿಯ ಪಕ್ಕ ತೂಗುಹಾಕಿದ್ದಾರೆ.

ಚಿತ್ರದಲ್ಲಿದ್ದದ್ದು ಸುಮ್ಮನೆ ಹಳದಿಯಲ್ಲ. ನಾಲ್ಕು ದಿನ ಹೊರಗಿಟ್ಟ ಬೆಣ್ಣೆಯ ಹಳದಿ, ಅಂಚಿನಲ್ಲಿ ಸ್ವಲ್ಪ ಮಾಸಲು. ಯಾವ ಬೀಜದಂಗಡಿಯಲ್ಲೂ ಅಂಥದ್ದು ಸಿಗಲಿಲ್ಲ. ಅಪ್ಪ ಸಿಕ್ಕ ಹಳದಿಗಳಲ್ಲೇ ಆರಿಸಿ, ಬೀಜ ಹಿಡಿದು, ಮತ್ತೆ ಬಿತ್ತಿ, ಮತ್ತೆ ಆರಿಸಿ, ಹತ್ತೊಂಬತ್ತನೇ ವರ್ಷಕ್ಕೆ ಆ ಬಣ್ಣ ತಂದ. ಪ್ರತಿ ವರ್ಷ ಮೊದಲು ಅರಳಿದ ಹೂವನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿಕೊಂಡು ಮಹಡಿ ಹತ್ತುವನು, ಚಿತ್ರದ ಪಕ್ಕ ಹಿಡಿದು ತಾಳೆ ನೋಡುವನು. ಅಲ್ಲಿನವರು ಅವನಿಗೆ ಹಳದಿ ತಾತ ಎಂದು ಹೆಸರಿಟ್ಟಿದ್ದರು. ಕೆಲಸ ಬಿಟ್ಟ ಮೇಲೂ ತಾಳೆ ನೋಡಲು ಬರುವುದನ್ನು ಅವನು ಬಿಡಲಿಲ್ಲ, ಯಾರೂ ಬೇಡವೆನ್ನಲಿಲ್ಲ.

ಆ ಚಿತ್ರವನ್ನು ಶುಚಿ ಮಾಡಲು ಕಳಿಸಿ ಎಂಟು ತಿಂಗಳಾಗಿತ್ತು. ನಿನ್ನೆ ಸಂಜೆ ವಾಪಸು ಬಂತು. ಮ್ಯಾನೇಜರಮ್ಮ ಮಗಳನ್ನು ಮೇಲೆ ಕರೆಸಿ ಹೊದಿಕೆ ಸರಿಸಿದರು.

ಹೂವೆಲ್ಲ ಬಿಳಿ.

ಎಂಬತ್ತು ವರ್ಷದ ವಾರ್ನಿಷ್, ಮೇಲೆ ದೀಪದ ಹೊಗೆ, ಎಲ್ಲ ಸೇರಿ ಹಳದಿಗಟ್ಟಿತ್ತಂತೆ. ಅದನ್ನು ತೆಗೆದ ಮೇಲೆ ಕಂದು ಮೆಟ್ಟಿಲು ಬೂದುಬಣ್ಣವಾಗಿತ್ತು, ಮಬ್ಬು ಆಕಾಶ ನೀಲಿಯಾಗಿತ್ತು, ಹೂವುಗಳು ಆಗತಾನೆ ಒಗೆದು ಹರವಿದ ಬಟ್ಟೆಯಷ್ಟು ಬಿಳಿಯಾಗಿದ್ದವು. ನಾಳೆ ಭಾನುವಾರ ಚಿತ್ರವನ್ನು ಮತ್ತೆ ಜನಕ್ಕೆ ತೋರಿಸುವ ಸಮಾರಂಭ, ಮುಖ್ಯ ಅತಿಥಿಗಳು ಬರುತ್ತಾರೆ, ಅದೊಂದು ದಿನ ಹೀಗೇ ಇರಲಿ, ಸೋಮವಾರ ರಜೆ, ಹಳದಿಯನ್ನೆಲ್ಲ ಕಿತ್ತುಬಿಡಿ, ನರ್ಸರಿಯಿಂದ ಬಿಳಿ ಹಾಲಿಹಾಕ್ ಕುಂಡದಲ್ಲೇ ಬರುತ್ತವೆ, ಮಂಗಳವಾರ ಜನ ಬರುವಷ್ಟರಲ್ಲಿ ಪಾತಿ ಬಿಳಿಯಾಗಿರಬೇಕು ಎಂದರು. ಕೆಟ್ಟ ಹೆಂಗಸಲ್ಲ. ತಂದೆಗೆ ಹೇಗೆ ಹೇಳುತ್ತೀರಿ ಎಂದು ಅವರೇ ಕೇಳಿದರು. ಮಗಳು ಊಟಕ್ಕೆ ಬಡಿಸುವಾಗ ಹೇಳಬೇಕೆಂದುಕೊಂಡಳು, ಆಗಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಉಗುಳಲೂ ಆಗದೆ ನುಂಗಲೂ ಆಗದೆ ಬೆಳಗು ಮಾಡಿದಳು. ಎಪ್ಪತ್ತು ದಾಟಿದ ಮನುಷ್ಯನಿಗೆ, ನೀನು ಜೀವಮಾನವೆಲ್ಲ ಬೆಳೆದದ್ದು ವಾರ್ನಿಷ್ಷಿನ ಕೊಳೆ ಎಂದು ಹೆತ್ತ ಮಗಳು ಯಾವ ಬಾಯಲ್ಲಿ ಹೇಳಬೇಕು?

ಅಪ್ಪ ಟಿಕೆಟ್ ಹಿಡಿದು ನೇರ ಪಾತಿಗೇ ಬಂದ.

"ಮಹಡಿ ತೆಗೆಯಲ್ಲ ಅಂದಿದ್ದೆ?"

"ಈಗ ತೆಗೆದ್ರಪ್ಪಾ. ತುಂಬ ಜನ. ಇನ್ನೊಂದು ದಿನ ನೋಡಿದ್ರಾಗಲ್ವಾ?"

"ಹೂವು ಇನ್ನೊಂದು ದಿನಕ್ಕೆ ಕಾಯುತ್ತಾ?" ಎಂದು ಅವನು ಬಾಗಿ, ಆರೇಳು ಹೂಗಳನ್ನು ಕಣ್ಣಲ್ಲೇ ತೂಗಿ, ಒಂದನ್ನು ಕಿತ್ತುಕೊಂಡ. ಕರ್ಚೀಫು ಮನೆಯಿಂದಲೇ ಒದ್ದೆ ಮಾಡಿ ತಂದಿದ್ದ.

ಅವಳು ಪೈಪು ಬಿಸಾಕಿ ಹಿಂದೆ ನಡೆದಳು. ಮೊದಲು ಚಹಾ ಕುಡಿಯೋಣ ಎಂದಳು, ಕುಡಿದೇ ಬಂದಿದ್ದ. ಅಷ್ಟು ಮೆಟ್ಟಿಲು ಹತ್ತಿದರೆ ಮಂಡಿ ಕೈಕೊಡುತ್ತದೆ ಎಂದಳು. ಮಂಡಿಯನ್ನೂ ಕರೆದುಕೊಂಡೇ ಬಂದಿದ್ದೇನೆ, ಅದರ ಚಿಂತೆ ನಿನಗೆ ಬೇಡ ಎಂದ. ಅವಳ ಕುಂಟುನೆಪಗಳೆಲ್ಲ ಅವನ ಕುಂಟುಕಾಲಿಗಿಂತ ಹಿಂದೆ ಬಿದ್ದವು.

ಒಳಗೆ ಮನೆ ತಣ್ಣಗಿತ್ತು. ಚಿತ್ರ ಬರೆಯುತ್ತಿದ್ದ ದೊಡ್ಡ ಕೋಣೆಗೆ ಹಗ್ಗ ಕಟ್ಟಿದ್ದರು. ಜಾಡಿಯಲ್ಲಿ ಬ್ರಷ್ಷುಗಳು, ಬಣ್ಣ ಒಣಗಿದ ಹಲಗೆ, ಒಂದು ಕಾಲು ಗಿಡ್ಡವಾದ ಕುರ್ಚಿ. ಆ ಕುರ್ಚಿಯ ಕಾಲಿಗೆ ಚೂರು ಮರ ಕೊಟ್ಟವನು ನಾನೇ ಎಂದು ಅಪ್ಪ ಪಕ್ಕದಲ್ಲಿದ್ದ ಯಾರೋ ಗಂಡಹೆಂಡಿರಿಗೆ ಹೇಳಿದ. ಯಜಮಾನರಿಗೆ ಬೆಳಕು ಎಡಗಡೆಯಿಂದ ಬೇಕಾಗಿತ್ತು ಎಂದೂ ಹೇಳಿದ. ಯಜಮಾನರ ಮುಖವನ್ನು ಅವನು ಜನ್ಮದಲ್ಲಿ ಕಂಡವನಲ್ಲ. ಆದರೆ ಒಂದೇ ತಟ್ಟೆಯಲ್ಲಿ ಉಂಡವನಂತೆ ಮಾತಾಡುತ್ತಿದ್ದ. ಮಗಳಿಗೆ ಅದು ಯಾವಾಗಲೂ ನಗು ತರಿಸುವ ವಿಷಯ, ಇವತ್ತು ನಗು ಬರಲಿಲ್ಲ.

ಮಹಡಿಯ ಮೆಟ್ಟಿಲು ಇಕ್ಕಟ್ಟು. ಹತ್ತುವವರ ಸಾಲು ನಿಂತು ನಿಂತು ಸಾಗುತ್ತಿತ್ತು. ತಿರುವಿನಲ್ಲಿ ಅವಳು ಅಪ್ಪನ ತೋಳು ಹಿಡಿದು ಒಂದು ಮಾತಿದೆ ಎಂದಳು.

"ಚಿತ್ರ ತೊಳೆದ ಮೇಲೆ ಬಣ್ಣ ಬದಲಾಗಿದೆಯಪ್ಪಾ."

"ತೊಳೆದ್ರೆ ಬದಲಾಗದೆ ಇರುತ್ತಾ? ಸ್ವಲ್ಪ ತಿಳಿಯಾಗಿರುತ್ತೆ. ನಮ್ಮದು ಒಂದು ಚೂರು ಗಾಢ ಆಯ್ತೇನೋ ಅಂತ ನನಗೂ ಎರಡು ವರ್ಷದಿಂದ ಅನುಮಾನ ಕಣೇ. ಈಗ ಸರಿಯಾಗಿ ಗೊತ್ತಾಗುತ್ತೆ."

ಸ್ವಲ್ಪ ಅಲ್ಲಪ್ಪಾ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ಮುಂದೆ ಹೋಗಿ ಎಂದರು, ಸಾಲು ಸರಸರನೆ ಕದಲಿತು, ಅಪ್ಪ ಮೆಟ್ಟಿಲ ಕಂಬಿ ಹಿಡಿದು ಮೇಲೆ ಹೋಗಿಬಿಟ್ಟ.

ಕೋಣೆಯ ತುಂಬ ಜನ. ಅಪ್ಪ ಗಿಡ್ಡ, ಅವನಿಗೆ ಕಾಣುತ್ತಿದ್ದದ್ದು ಬೆನ್ನುಗಳು ಮಾತ್ರ. ಚಿತ್ರದ ಪಕ್ಕ ನಿಂತು ವಿವರಿಸುತ್ತಿದ್ದವರು ಹೊಸಬರು, ಶಾಲೆಯಿಂದ ನಿವೃತ್ತರಾಗಿ ಈ ತಿಂಗಳಷ್ಟೇ ಗೈಡ್ ಕೆಲಸಕ್ಕೆ ಸೇರಿದ ಮೇಷ್ಟ್ರು. ತರಗತಿಯನ್ನು ನಗಿಸಿ ರೂಢಿಯಾದ ಗಂಟಲು. ಬಿಳಿ ಹೂವು, ವಾರ್ನಿಷ್, ಹೊಗೆ ಎಲ್ಲವನ್ನೂ ಚೆನ್ನಾಗಿ ಹೇಳಿ ಕೊನೆಗೆ ಕಿಟಕಿಯ ಕಡೆ ಕೈ ತೋರಿಸಿದರು.

"ಈಗ ಕೆಳಗಡೆ ನೋಡಿ. ನಮ್ಮ ಮಾಲಿಗಳು ಪಾಪ, ಕೊಳೆಯನ್ನೇ ಬಣ್ಣ ಅಂದುಕೊಂಡು, ಮೂವತ್ತು ವರ್ಷ ಕಷ್ಟಪಟ್ಟು ತೋಟದಲ್ಲಿ ಕೊಳೆ ಬೆಳೆದಿದ್ದಾರೆ."

ಜನ ಕಿಟಕಿಗೆ ಬಾಗಿ ನೋಡಿದರು. ಕೆಳಗೆ ಹಳದಿ ಪಾತಿ ಬಿಸಿಲಲ್ಲಿ ತುಂಬಿ ನಿಂತಿತ್ತು. ಎಲ್ಲರೂ ನಕ್ಕರು. ಜನ ಅತ್ತ ಸರಿದದ್ದೇ ಚಿತ್ರದ ಮುಂದೆ ಜಾಗವಾಯಿತು, ಅಪ್ಪ ಅದನ್ನು ಕಂಡ.

ಮಗಳು ಅವನ ಮುಖ ನೋಡಲಿಲ್ಲ, ಧೈರ್ಯವಾಗಲಿಲ್ಲ. ಕೈಯನ್ನು ನೋಡಿದಳು. ಕರ್ಚೀಫಿನ ಗಂಟು ಬಿಚ್ಚಲು ಹೊರಟಿದ್ದ ಬೆರಳುಗಳು ಹಾಗೇ ನಿಂತವು. ಆಮೇಲೆ ಅವನು ಕರ್ಚೀಫನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬು ಒದ್ದೆಯಾಯಿತು. ಈ ಮೇಷ್ಟ್ರ ಬಾಯಿ ಮುಚ್ಚಿಸಬೇಕು, ಇಷ್ಟು ಜನರನ್ನು ಹೊರಗಟ್ಟಬೇಕು, ಅಪ್ಪನನ್ನು ಎತ್ತಿಕೊಂಡಾದರೂ ಕೆಳಗೆ ಒಯ್ಯಬೇಕು ಎಂದು ಅವಳಿಗೆ ಅನ್ನಿಸಿತು.

ಏನಾದರೂ ಪ್ರಶ್ನೆಯಿದ್ದರೆ ಕೇಳಿ ಎಂದರು ಮೇಷ್ಟ್ರು.

"ಒಂದು ಕೇಳ್ಬೇಕಿತ್ತು ಸ್ವಾಮಿ," ಎಂದ ಅಪ್ಪ. ಚಿತ್ರ ನೋಡಲು ಬಂದ ಯಾವನೋ ಅಪರಿಚಿತ ಮುದುಕನ ದನಿಯಂತಿತ್ತು ಅವನದು. "ಅವರು ಇದನ್ನ ಬರೆದಾಗ ಪಾತೀಲಿ ಇದ್ದಿದ್ದು ಬಿಳಿ ಗಿಡ. ಆ ಗಿಡಗಳ ಸಂತತಿ ಏನಾಯ್ತು?"

ಮೇಷ್ಟ್ರು ಒಳ್ಳೆಯ ಪ್ರಶ್ನೆ ಎಂದು ಮೆಚ್ಚಿ, ಮನೆ ಅಷ್ಟು ವರ್ಷ ಪಾಳುಬಿದ್ದಿತ್ತಲ್ಲ, ನೀರಿಲ್ಲದೆ ನಾಶವಾಗಿರಬೇಕು ಎಂದರು.

"ಇಲ್ಲ," ಎಂದ ಅಪ್ಪ. "ನಾಶ ಆಗಿರ್ಲಿಲ್ಲ. ನಾನು ಬಂದ ವರ್ಷ ಪಾತಿ ತುಂಬ ಅವೇ ಇದ್ವು. ಯಾರೂ ನೆಟ್ಟಿರ್ಲಿಲ್ಲ, ತಾವಾಗೇ ಬಿದ್ದು ತಾವಾಗೇ ಹುಟ್ಟಿದ್ವು. ಚಿತ್ರದಲ್ಲಿ ಹಳದಿ ಇದೆಯಲ್ಲ, ಇವೆಲ್ಲ ಕಳೆ ಅಂತ ಕಿತ್ತೆ. ಮರುವರ್ಷ ಮತ್ತೆ ಬಂದ್ವು. ಮತ್ತೆ ಕಿತ್ತೆ. ಹದಿನಾಲ್ಕು ವರ್ಷ ಬಂದ್ವು ಸ್ವಾಮಿ. ನಾನೂ ಬಿಡಲಿಲ್ಲ. ಆಮೇಲೆ ಬರೋದು ನಿಲ್ಲಿಸಿದ್ವು."

ಯಾರೂ ನಗಲಿಲ್ಲ. ಮೇಷ್ಟ್ರ ಮುಖ ಕಪ್ಪಿಟ್ಟಿತು. ನೀವು ಅಂತ ಗೊತ್ತಿರಲಿಲ್ಲ ಎಂದೇನೋ ತೊದಲಿದರು. ಅಪ್ಪ ಅವರಿಗೆ ಕೈಮುಗಿದು, ದಾರಿ ಬಿಟ್ಟವರ ನಡುವೆ ನಡೆದು ಇಳಿದುಹೋದ.

ಮಗಳಿಗೆ ಇದು ಗೊತ್ತೇ ಇರಲಿಲ್ಲ. ಅವಳು ಕೆಲಸಕ್ಕೆ ಸೇರುವಷ್ಟರಲ್ಲಿ ಪಾತಿಯಲ್ಲಿ ಹಳದಿ ಬಿಟ್ಟು ಬೇರೊಂದು ಹೂವು ಇರಲಿಲ್ಲ. ನಿನ್ನೆಯಿಂದ ಅವಳು ಹಳದಿಗಾಗಿ ಹೆದರಿದ್ದಳು, ಅಪ್ಪನ ಬೆವರು ವ್ಯರ್ಥವಾಯಿತೆಂದು ಸಂಕಟಪಟ್ಟಿದ್ದಳು. ಅವನಿಗೆ ಹಳದಿಯ ನೆನಪೇ ಆದಂತಿರಲಿಲ್ಲ.

ಅವನು ಹಿತ್ತಲ ಕಲ್ಲುಮೆಟ್ಟಿಲ ಮೇಲೆ ಕೂತಿದ್ದ. ಅವಳೂ ಕೂತಳು. ಅಳಬಹುದು, ಇಲ್ಲವೇ ಮೂಗಿನ ತುದಿಯ ಕೋಪ ತನ್ನ ಮೇಲೆ ಹಾರಬಹುದು ಎಂದು ಕಾದಳು. ಎರಡೂ ಆಗಲಿಲ್ಲ. ಈ ಹಳದಿಯನ್ನು ಯಾವಾಗ ತೆಗೆಯುತ್ತಾರೆ ಎಂದು ಕೇಳಿದ. ನಾಳೆ ಎಂದಳು. ಯಾರು ಎಂದ. ನಾನೇ ಎಂದಳು. ಆ ಜಾಗಕ್ಕೆ ಏನು ಎಂದ. ನರ್ಸರಿಯ ಬಿಳಿ ಗಿಡ ಬರುತ್ತದೆ ಎಂದಾಗ ಮಾತ್ರ ಅವನು ಅವಳ ಕಡೆ ತಿರುಗಿದ.

"ನರ್ಸರೀದು ಬೇಡ."

"ಮತ್ತೇನು ಹಾಕೋದಪ್ಪಾ?"

"ಏನೂ ಬೇಡ. ನಾನು ಈ ಪಾತಿನ ಯಾವತ್ತೂ ಗೇಣಿಗಿಂತ ಆಳ ಅಗೆದವನಲ್ಲ. ಆ ಹಳೇ ಬಿಳಿ ಗಿಡದ ಬೀಜ ಗಟ್ಟಿ ಸಿಪ್ಪೇದು. ಕೆಳಗೆ ಸೇರಿದ್ರೆ ಎಷ್ಟು ವರ್ಷ ಬೇಕಾದ್ರೂ ಮಲಗಿರುತ್ತೆ. ಮಣ್ಣು ಮೇಲೆ ಕೆಳಗೆ ಮಾಡಿ, ಬಿಸಿಲು ತೋರಿಸಿ, ನೀರು ಕೊಟ್ಟು ನೋಡ್ಬೇಕು."

"ಇಪ್ಪತ್ತು ವರ್ಷ ಆಯ್ತಪ್ಪಾ. ಇರಲಿಕ್ಕಿಲ್ಲ."

"ಇರಲಿಕ್ಕಿಲ್ಲ ಅಂತಲೇ ಇಟ್ಕೋ. ಆದ್ರೆ ನೋಡದೇನೇ ಮೇಲೆ ಬೇರೆ ತಂದು ನೆಟ್ರೆ, ನಾನು ಇನ್ನೊಂದು ಸಲ ಕಿತ್ತ ಹಾಗೆ."

ಅವಳು ಎದ್ದು ಕೊಟ್ಟಿಗೆಗೆ ಹೋಗಿ ಎರಡು ಗುದ್ದಲಿ ತಂದಳು. ತನ್ನ ಧೈರ್ಯ ನಾಳೆಯವರೆಗೆ ಉಳಿಯುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ಮೊದಲ ಗಿಡದ ಬುಡಕ್ಕೆ ಗುದ್ದಲಿ ಹಾಕಿ ಬಗ್ಗಿಸಿದಾಗ ತಲೆಯವರೆಗೂ ಅರಳಿದ್ದ ಹೂಗಳು ಅವಳ ಹೆಗಲಿಗೆ ಒರಗಿದವು. ಕೈ ತಡೆಯಿತು.

"ನೋಡಬೇಡ. ಎಳಿ," ಎಂದ ಅಪ್ಪ.

ಎಳೆದಳು. ನಾಲ್ಕನೇ ಗಿಡಕ್ಕೆ ಮ್ಯಾನೇಜರಮ್ಮ ಬಂದರು. ಮುಖ್ಯ ಅತಿಥಿಗಳು ಇನ್ನೊಂದು ಗಂಟೆಯಲ್ಲಿ ಬರುತ್ತಾರೆ, ಹೆಸರಾದ ಮೆಟ್ಟಿಲ ಪಕ್ಕ ಇದೇನು ಅಗೆತ, ಯಾರನ್ನು ಕೇಳಿ ಶುರುಮಾಡಿದಿರಿ ಎಂದರು. ಮಗಳು ಬೆವರು ಒರೆಸಿಕೊಂಡು ಅಪ್ಪ ಹೇಳಿದ್ದನ್ನೆಲ್ಲ ಹೇಳಿದಳು. ಬಿಳಿ ಗಿಡ ಎದ್ದರೂ ಹೂ ಬಿಡುವುದು ಎರಡನೇ ವರ್ಷಕ್ಕೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಅಲ್ಲಿಯವರೆಗೆ ಜನ ಬಂದು ಬರೀ ಮಣ್ಣು ನೋಡ್ಬೇಕಾ?"

"ಹೌದಮ್ಮಾ," ಎಂದಳು ಮಗಳು. "ನರ್ಸರಿ ಗಿಡ ನೆಡೋದಾದ್ರೆ ಬೇರೆಯವರ ಕೈಲಿ ನೆಡಿಸಿ. ನಾನು ನೆಡಲ್ಲ."

ಇಷ್ಟು ಹೇಳಿದ್ದು ತಾನೇ ಎಂದು ಅವಳಿಗೇ ಆಶ್ಚರ್ಯವಾಯಿತು. ಈ ಕೆಲಸ ಹೋದರೆ ಬೇರೆ ಕೆಲಸ ಗೊತ್ತಿದ್ದವಳಲ್ಲ. ಮ್ಯಾನೇಜರಮ್ಮ ಗುದ್ದಲಿಗೆ ಅಡ್ಡ ಬರಲಿಲ್ಲ. ಕೈಕಟ್ಟಿ ಹಾದಿಯ ಮೇಲೆ ನಿಂತೇ ಇದ್ದರು. ಮಹಡಿಯಿಂದ ಇಳಿದು ಬಂದವರೂ ಒಬ್ಬೊಬ್ಬರಾಗಿ ಅವರ ಹಿಂದೆ ನಿಂತರು, ಹುಲ್ಲಿನ ಮೇಲೆ ಹಳದಿ ಗಿಡಗಳ ಸಾಲು ಉದ್ದವಾಗುತ್ತ ಹೋಯಿತು, ಯಾರೂ ಫೋಟೋ ತೆಗೆಯಲಿಲ್ಲ.

ಖಾಲಿಯಾದ ಜಾಗದಲ್ಲಿ ಮಗಳು ಗುದ್ದಲಿಯನ್ನು ಗೇಣಿಗಿಂತ ಆಳಕ್ಕೆ ಇಳಿಸಿದಳು. ಅಡಿಯ ಮಣ್ಣು ಕಪ್ಪಗೆ, ತಣ್ಣಗೆ ಮೇಲೆ ಬಂತು. ಅಪ್ಪ ಮಂಡಿಯೂರಿ ಕೂತು ಒಂದು ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡಿದ. ಕನ್ನಡಕವನ್ನು ಹಣೆಗೇರಿಸಿ, ಪುಡಿಯನ್ನು ಕಣ್ಣಿನ ಹತ್ತಿರ ಹಿಡಿದು, ತೋರುಬೆರಳಿನಿಂದ ಮೆಲ್ಲಗೆ ಸವರುತ್ತ ನೋಡಿದ. ಆಮೇಲೆ ಅದನ್ನು ಬಿಸಿಲು ಬೀಳುವ ಕಡೆ ತೆಳ್ಳಗೆ ಹರಡಿ, ಇನ್ನೊಂದು ಹೆಂಟೆಗೆ ಕೈ ಚಾಚಿದ.