ಅಟ್ಟದ ಬಾಯಿಯ ಇಪ್ಪತ್ತು ಕಾಯಿ

ಬಿಳಿಗೆರೆಯ ಸುತ್ತಿನ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಪ್ರತಿ ಮನೆಗೂ ಒಂದು ಪ್ರಶ್ನೆ ಬರುತ್ತದೆ. ಮದುವೆಯದಲ್ಲ, ಮೊಕದ್ದಮೆಯದಲ್ಲ. ಅಟ್ಟದ ಪ್ರಶ್ನೆ. ಹತ್ತು ಹನ್ನೊಂದು ತಿಂಗಳಿಂದ ಅಟ್ಟದಲ್ಲಿ ಮಲಗಿರುವ ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಯಿತೋ ಇಲ್ಲವೋ? ಕಾಯಿ ತಾನಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ‘ಕಟಕಟ’ ಎಂದರೆ ಆಗಿದೆ. ‘ಗುಳುಕ್’ ಎಂದರೆ ಒಳಗೆ ಇನ್ನೂ ನೀರಿದೆ.

ಆತುರಪಟ್ಟು ಸುಲಿಸಿದರೆ ಕೆಟ್ಟಿತು. ಮಟ್ಟೆ ಬಿಚ್ಚಿ ಚಿಪ್ಪು ಒಡೆದ ಮೇಲೆ ಹಸಿ ಕೊಬ್ಬರಿ ಉಂಡೆಗೆ ಬೂಷ್ಟು ಹಿಡಿಯುತ್ತದೆ. ತಿಪಟೂರಿನ ಮಂಡಿಯಲ್ಲಿ ಅದನ್ನು ಮೂಸಿದವರು ಮುಖ ತಿರುಗಿಸುತ್ತಾರೆ. ಸುಲಿದ ಕಾಯಿಗೆ ಮತ್ತೆ ಮಟ್ಟೆ ಹೊದಿಸಿ ‘ಮಲ್ಕಳಪ್ಪ’ ಎನ್ನಲು ಬರುವುದಿಲ್ಲ.

ಈ ವಿದ್ಯೆಯಲ್ಲಿ ಸದಾಶಿವಯ್ಯನ ಕಿವಿಗೆ ಊರೆಲ್ಲ ಹೆಸರು. ಬೇರೆ ಮನೆಯವರೂ ಕಾಯಿ ತಂದು ಅವನ ಕಿವಿಗೆ ಹಿಡಿಯುತ್ತಿದ್ದರು. ಅವನು ಕಣ್ಣು ಮುಚ್ಚಿ, ಹುಬ್ಬೇರಿಸಿ, ಸಂಗೀತದ ವಿದ್ವಾಂಸರು ತಂಬೂರಿ ಕೇಳುವ ಹಾಗೆ ಕೇಳಿ, ‘ಇನ್ನೊಂದು ತಿಂಗ್ಳು’ ಎಂದರೆ ಇನ್ನೊಂದೇ ತಿಂಗಳು.

ಸಾವಿರದೊಂಬೈನೂರ ಎಂಬತ್ತೊಂದರ ಮಾರ್ಚಿನ ಒಂದು ಶನಿವಾರ, ಅವನು ತನ್ನದೇ ಮನೆಯ ಏಣಿ ಹತ್ತಿದ. ಅಡುಗೆಮನೆಯಲ್ಲಿ ಏಣಿ. ಏಣಿಯ ತುದಿಗೆ ಅಟ್ಟದ ಬಾಯಿ. ಅಲ್ಲಿ ನಿಂತು ಕೈಗೆ ಸಿಕ್ಕ ಇಪ್ಪತ್ತು ಕಾಯಿ ಅಲ್ಲಾಡಿಸಿದ. ಇಪ್ಪತ್ತೂ ‘ಕಟಕಟ’.

“ಆಯ್ತು ಕಣೇ! ಸೋಮವಾರ ಕೆಂಚಯ್ಯಂಗೆ ಬರಾಕೇಳ್ತೀನಿ. ಒಂದೇ ಏಟಿಗೆ ಪೂರಾ ಅಟ್ಟ ಇಳಿಸಿ ಸುಲಿಸ್ಬುಡಾನ,” ಎಂದು ಮೇಲಿಂದಲೇ ಸಾರಿದ.

ಕೆಳಗೆ ಒಲೆಯ ಮುಂದೆ ಕೂತಿದ್ದ ಹೆಂಡತಿ ದ್ರಾಕ್ಷಾಯಣಮ್ಮ ತಲೆಯೆತ್ತಿದಳು. “ರೀ, ಹಿಂದ್ಗಡೇದೂ ಒಂದೆರಡು ನೋಡ್ಬಾರ್ದಾ?”

“ಅಟ್ಟದ ವಿಚಾರ ನಂಗೆ ಹೇಳ್ಕೊಡ್ತೀಯಾ? ನೀನು ಸಾರು ನೋಡ್ಕ, ನಾನು ಕಾಯಿ ನೋಡ್ಕತೀನಿ.”

ಅವಳು ಸಾರು ನೋಡಿಕೊಂಡಳು.

ಅದೇ ಹೊತ್ತಿಗೆ ಮಗಳು ವಿಮಲ ಬೆಳಗಿನ ಸ್ಕೂಲು ಮುಗಿಸಿ ಬಂದಳು. ಹತ್ತನೇ ಕ್ಲಾಸು. ಬಂದವಳೇ ನೋಟ್‌ಬುಕ್ ಬಿಚ್ಚಿ, ತನ್ನ ಕ್ಲಾಸಿನ ಏಕಾಂತಯ್ಯ ಮೇಷ್ಟ್ರ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ಕನ್ನಡಕ ಇರಲಿಲ್ಲ, ಆದರೂ ಇಳಿಯಿತು. “ಮಕ್ಕಳೇ! ಯಾವ ವಿದ್ಯೆಯೂ ಪೂರಾ ನೆಟ್ಟಗಿಲ್ಲ. ಎಲ್ಲದಕ್ಕೂ ಒಂದು ವಾಲು ಇದೆ. ನಿಮ್ಮ ಮನೆಯಲ್ಲಿ ಒಂದು ತೀರ್ಮಾನ ಆರಿಸಿಕೊಂಡು ಅದರ ವಾಲು ಹುಡುಕಿ ತನ್ನಿ!”

“ವಾಲು ಅಂದ್ರೆ?” ಏಣಿ ಇಳಿಯುತ್ತ ಸದಾಶಿವಯ್ಯ ಕೇಳಿದ.

“ಒಂದ್ಕಡೆಗೇ ಬಗ್ಗಿರೋದಪ್ಪ, ತೋಟದಲ್ಲಿ ಮರ ವಾಲಲ್ವಾ, ಹಂಗೆ. ಮೂರು ಪ್ರಶ್ನೆ ಕೇಳ್ಬೇಕಂತೆ. ಎಲ್ಲಿ ನಿಂತ್ಕಂಡು ನೋಡಿದ್ರು? ಯಾರ್ನ ಕೇಳಿದ್ರು? ಯಾರ್ನ ಬಿಟ್ರು? ಪುಸ್ತಕಕ್ಕೂ ಇದನ್ನೇ ಕೇಳಿ ಅಂದ್ರು.”

ಪುಸ್ತಕಕ್ಕೂ! ಸದಾಶಿವಯ್ಯನಿಗೆ ಮೈಯುರಿಯಿತು. ತಾನು ನಾಲ್ಕನೇ ಕ್ಲಾಸಿಗೆ ಬಿಟ್ಟವನು. ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವವನು. ಮಗಳಿಗೆ ಈ ಮೇಷ್ಟ್ರು ಕಲಿಸುತ್ತಿರುವುದೇನು? ಊಟ ಮಾಡಿದ, ಟವೆಲ್ಲು ಕೊಡವಿದ, ಸಂಜೆಗೆ ನೇರ ಮೇಷ್ಟ್ರ ಮನೆಗೆ ಹೋದ.

“ಏನು ಮೇಷ್ಟ್ರೇ, ಪುಸ್ತಕ ಎಲ್ಲ ಸುಳ್ಳು ಅಂತ ಹೇಳ್ಕೊಡ್ತಿದೀರಂತೆ?”

ಏಕಾಂತಯ್ಯ ಮೇಷ್ಟ್ರು ಕೋಪಕ್ಕೆ ಮೊದಲು ಮಜ್ಜಿಗೆ ಕೊಡುವ ಜಾತಿ. ಲೋಟ ಮುಂದಿಟ್ಟು ಹೇಳಿದರು: “ಸುಳ್ಳಲ್ಲ ಯಜಮಾನ್ರೇ, ವಾಲು. ನೋಡಿ, ನಮ್ಮ ಚರಿತ್ರೆ ಪುಸ್ತಕ ಹೆಂಗ್ ಮಾತಾಡುತ್ತೆ...” ಎದ್ದು ನಿಂತು, ಎದೆ ಉಬ್ಬಿಸಿ, ಡಂಗುರದವನ ಗಂಟಲಿನಲ್ಲಿ ಕೂಗಿದರು: “‘ದೊರೆಯು ಕೆರೆಯನ್ನು ಕಟ್ಟಿಸಿದನು!’ ಸರಿ. ದೊರೆ ಒಂದು ಮಂಕರಿ ಮಣ್ಣು ಹೊತ್ತನಾ?”

“ದೊರೆ ಯಾಕ್ ಹೊರ್ತಾನೆ? ಹೊತ್ತಿದ್ದು ನಮ್ಮ ನಿಮ್ಮಂಥೋರ ಅಜ್ಜೀರು.”

“ಅವರ ಹೆಸರೆಲ್ಲಿ? ಕಲ್ಲಿನ ಮೇಲೆ ಬರೆಸಿದೋನು ದೊರೆ. ಕಲ್ಲು ನೋಡಿ ಬರೆದೋರು ಪುಸ್ತಕದೋರು. ಸುಳ್ಳು ಯಾರೂ ಹೇಳ್ಲಿಲ್ಲ. ಆದ್ರೆ ಮಂಕರಿ ಹೊತ್ತೋಳನ್ನ ಯಾರೂ ಕೇಳ್ಲಿಲ್ಲ.”

ಸದಾಶಿವಯ್ಯ ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿದ. ಮೇಷ್ಟ್ರು ಈಗ ಬೆನ್ನು ಬಗ್ಗಿಸಿ, ಗಡ್ಡ ನೀವಿಕೊಳ್ಳುತ್ತ ನಾಟಿ ಪಂಡಿತರಾದರು: “‘ಕಾಮಾಲೆಗೆ ನನ್ ಬೇರು ತಗಂಡೋರೆಲ್ಲ ವಾಸಿಯಾಗವ್ರೆ ಕಣಪ್ಪ! ನೂರು ಜನ ಬಂದು ಹೇಳವ್ರೆ!’ ವಾಸಿಯಾದೋರು ಬಂದು ಹೇಳ್ತಾರೆ. ಆಗದೆ ಹೋದೋರು ಎಲ್ಲಿಂದ ಬಂದು ಹೇಳ್ಬೇಕು?”

ಸದಾಶಿವಯ್ಯನಿಗೆ ನಗು ತಡೆಯಲಾಗಲಿಲ್ಲ. “ಅಲ್ವೇ ಮತ್ತೆ! ದೊಡ್ಡಾಸ್ಪತ್ರೆ ಡಾಕ್ಟ್ರೇ ವಾಸಿ ಬುಡಿ.”

“ಅಲ್ಲೂ ಬಿಡಬೇಡಿ. ಗಂಡಸರ ಮೇಲೆ ಮಾತ್ರ ಪರೀಕ್ಷೆ ಮಾಡಿದ ಮಾತ್ರೆ ಹೆಂಗಸರಿಗೂ ಅಷ್ಟೇ ಲೆಕ್ಕ ಅಂತ ಕೊಡೋದುಂಟು. ಕೇಳಬೇಕು.”

“ಹಂಗೇ ಒಂದ್ಸಲ ನಾನೂ ಕೆಟ್ಟೆ ಕಣ್ರೀ,” ಸದಾಶಿವಯ್ಯ ಹತ್ತಿರ ಸರಿದ. “ಯಾವುದೋ ಪುಸ್ತಕ ನೋಡ್ಕಂಡು ತೆಂಗಿನ ಸಸಿಗೆ ಗುಂಡಿ ತೋಡಿಸ್ದೆ. ಆಮೇಲೆ ಗೊತ್ತಾಯ್ತು, ಅದು ಸಮುದ್ರದ ದಂಡೆ ಮರಳಿಗೆ ಬರೆದಿದ್ದಂತೆ! ನಮ್ಮ ನೆಲಕ್ಕೂ ಅದಕ್ಕೂ ಎಲ್ಲಿಂದೆಲ್ಲಿಗೆ?”

“ಅಗೋ! ನೀವೇ ಪಾಠ ಮಾಡ್ತಿದೀರಿ.”

ಸದಾಶಿವಯ್ಯ ತಟ್ಟನೆ ಎಚ್ಚೆತ್ತ. ಜಗಳಕ್ಕೆ ಬಂದವನು ಹರಟೆಗೆ ಬಿದ್ದಿದ್ದ. “ಹಂಗಾದ್ರೆ ಯಾವುದ್ನೂ ನಂಬಬಾರ್ದು ಅನ್ನಿ.”

“ನಂಬಬಾರ್ದು ಅಂದ್ನಾ? ವಾಲಿದ ಮರಾನೂ ಕಾಯಿ ಬಿಡುತ್ತೆ ಯಜಮಾನ್ರೇ. ಕಡಿದು ಹಾಕ್ತೀವಾ? ಯಾವ ಕಡೆ ವಾಲಿದೆ ಅಂತ ತಿಳಿದಿದ್ರೆ ಕಾಯಿ ಎಲ್ಲಿ ಬೀಳುತ್ತೆ ಅಂತ ತಿಳಿಯುತ್ತೆ. ಕಾಯೂ ಸಿಗುತ್ತೆ, ತಲೇನೂ ಉಳಿಯುತ್ತೆ.”

ಮಾತು ಚೆನ್ನಾಗಿತ್ತು. ಒಪ್ಪಿಕೊಳ್ಳುವುದು ಚೆನ್ನಾಗಿರಲಿಲ್ಲ. “ಇರ್ಬೋದು. ಆದ್ರೆ ನಮ್ಮನೇಲಿ ಅಂಥ ವಾಲು ಪಾಲು ಯಾವುದೂ ಇಲ್ಲ. ಬೇಕಾದ್ರೆ ನಾಳೆ ಬಂದು ನೋಡಿ!” ಎಂದು ಎದ್ದು ಬಂದ. ದಾರಿಯಲ್ಲೇ ಕೆಂಚಯ್ಯನ ಮನೆ. “ಸೋಮವಾರ ಬೆಳಿಗ್ಗೆ ನಾಕಾಳು ಕರ್ಕಂಡ್ ಬಾರ್ಲಾ,” ಎಂದು ಹೇಳಿಯೇ ಬಂದ.

ಭಾನುವಾರ ಮೇಷ್ಟ್ರು ನಿಜವಾಗಿಯೂ ಬಂದರು. ವಿಮಲ ಕಾಯುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಬರೆದಿದ್ದಳು: ‘ತೀರ್ಮಾನ: ನಮ್ಮ ಅಟ್ಟದ ಕಾಯಿಯೆಲ್ಲ ಆಗಿದೆ.’

“ಅದ್ರಲ್ಲೇನವ್ವ ನೋಡದೈತೆ?” ಎಂದ ಸದಾಶಿವಯ್ಯ.

“ಏನೂ ಇಲ್ದಿದ್ರೆ ಏನೂ ಇಲ್ಲ ಅಂತ ಬರೀತೀನಪ್ಪ. ನೀನು ಹಜಾರದಲ್ಲಿ ಕೂತ್ಕ. ನಾನು ಕಾಯಿ ತಂದುಕೊಡ್ತೀನಿ, ನೀನು ಕೇಳು. ಎಲ್ಲಿಂದ ತಂದೆ ಅಂತ ಮಾತ್ರ ಕೇಳ್ಬೇಡ.”

ಅವಳು ಏಣಿ ಹತ್ತಿ, ಅಟ್ಟದ ಬಾಯಿ ದಾಟಿ, ಕಾಯಿಗಳ ಮೇಲೆ ಅಂಬೆಗಾಲಿಟ್ಟು, ಗಾಜಿನ ಹೆಂಚಿನ ಬೆಳಕಿನಲ್ಲಿ ಮೂಲೆ ಮೂಲೆ ಸುತ್ತಿದಳು. ತೆಗೆದ ಪ್ರತಿ ಕಾಯಿಗೂ ಸೀಮೆಸುಣ್ಣದಲ್ಲಿ ಒಂದು ನಂಬರು, ಅದು ಯಾವ ಮೂಲೆಯದೆಂದು ನೋಟ್‌ಬುಕ್ಕಿನಲ್ಲಿ ಗುರುತು. ಒಂದು ಮಂಕರಿ ತುಂಬಿಸಿ ಕಲಸುಮೇಲೋಗರ ಮಾಡಿ ಅಪ್ಪನ ಮುಂದಿಟ್ಟಳು.

ಸದಾಶಿವಯ್ಯ ಕಣ್ಣು ಮುಚ್ಚಿದ. ಕಟಕಟ. “ಆಗೈತೆ.” ಕಟಕಟ. “ಆಗೈತೆ.” ಮೂರನೆಯದು ಗುಳುಕ್ ಎಂದಿತು. ಅವನ ಹುಬ್ಬು ಇಳಿಯಿತು. “ಇನ್ನೂ ನೀರೈತೆ.” ಗುಳುಕ್. “ಇದೂ ನೀರೇ.” ಆಮೇಲೊಂದು ಕಟಕಟ. ಆಮೇಲೆ ಸಾಲಾಗಿ ಗುಳುಕ್, ಗುಳುಕ್, ಗುಳುಕ್.

“ಥೂ, ಯಾವನ ಮನೆ ಕಾಯಿ ಬೆರೆಸಿದೀಯವ್ವ ಇದ್ರಲ್ಲಿ? ಸುಲಿಸಿದ್ರೆ ಅವ್ನ ಗತಿ ಮುಗೀತು!”

“ನಮ್ಮನೇದೇ ಕಣಪ್ಪ.”

ಸದಾಶಿವಯ್ಯ ಕಣ್ಣು ಬಿಟ್ಟ. ಬಾಯಿ ಮುಚ್ಚಲಿಲ್ಲ. ವಿಮಲ ನಂಬರುಗಳನ್ನು ತಾಳೆ ನೋಡಿದಳು. ಅಟ್ಟದ ಬಾಯಿಯ ಸುತ್ತಿನವು ಎಲ್ಲ ಕಟಕಟ. ಹಿಂಭಾಗದವು, ಅಂದರೆ ಹಜಾರದ ಮೇಲಿನವು, ಒಂದು ಬಿಟ್ಟು ಎಲ್ಲ ಗುಳುಕ್.

ಅವನು ತಾನೇ ಏಣಿ ಹತ್ತಿದ. ಈ ಸಲ ಬಾಯಿಯಲ್ಲಿ ನಿಲ್ಲಲಿಲ್ಲ. ಮಂಡಿ ಊರಿ ಹಿಂದಿನ ಗೋಡೆಯ ತನಕ ತೆವಳಿದ. ಬಹಳ ಹೊತ್ತು ಗುಳುಕ್ ಗುಳುಕ್ ಸದ್ದು ಒಂದೇ ಕೇಳುತ್ತಿತ್ತು. ಇಳಿದಾಗ ತಲೆತುಂಬ ಜೇಡರಬಲೆ. ಅರ್ಧ ಅಟ್ಟ ಹಸಿ. ನಾಳೆ ಈ ಹೊತ್ತಿಗೆ ವರ್ಷದ ಅರ್ಧ ಅನ್ನ ಅಂಗಳದಲ್ಲಿ ಹಾಳಾಗಿ ಬಿದ್ದಿರುತ್ತಿತ್ತು.

“ನನ್ ಕಿವಿ ಹೋಯ್ತು ಮೇಷ್ಟ್ರೇ,” ಎಂದ.

“ಕಿವಿಗೇನಾಗಿದೆ? ಒಂದನ್ನೂ ತಪ್ಪು ಹೇಳ್ಲಿಲ್ಲ ನೀವು. ಆದ್ರೆ ಏಣಿ ಮುಗಿದ ಕಡೆ ನಿಮ್ಮ ಪರೀಕ್ಷೇನೂ ಮುಗೀತು.”

“ಅಲ್ಲ, ಒಂದೇ ದಿನ ಹಾಕಿದ ಕಾಯಿ. ಮುಂದಿಂದು ಆಗಿ ಹಿಂದಿಂದು ಯಾಕಾಗಿಲ್ಲ?”

ಉತ್ತರ ಅಡುಗೆಮನೆಯಿಂದ ಬಂತು. “ಹೊಗೆ ಕಣ್ರೀ. ಒಲೆ ಇರೋದು ಅಟ್ಟದ ಬಾಯಿ ಕೆಳಗೆ. ಹೊಗೆ, ಕಾವು ಎಲ್ಲ ಮುಂದಿನ ಕಾಯಿಗೇ ತಾಗ್ತದೆ. ಹಜಾರದ ಕಡೆ ಹೋಗೋದೇ ಇಲ್ಲ. ದಿನಾ ಹೊಗೆ ಕುಡಿಯೋಳು ನಾನಲ್ವಾ, ನಂಗೊತ್ತಿಲ್ವಾ?”

“ಗೊತ್ತಿದ್ದೂ ಹೇಳ್ಬಾರ್ದೇನೇ?”

“ಹೇಳ್ದೆ. ಸಾರು ನೋಡ್ಕ ಅಂದ್ರಿ.”

ಮೇಷ್ಟ್ರು ತೊಡೆ ತಟ್ಟಿ ನಕ್ಕರು. ನಗು ಮುಗಿಯುವ ಮುಂಚೆ ದ್ರಾಕ್ಷಾಯಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ನೀವೇನ್ ನಗ್ತೀರಿ ಮೇಷ್ಟ್ರೇ? ಹೋದ ತಿಂಗ್ಳು ಜನಗಣತಿ ಬರ್ಕೊಳ್ಳಾಕೆ ಬಂದಿದ್ರಲ್ಲ. ಜಗಲಿ ಮೇಲೆ ಕೂತು ಇವ್ರನ್ನ ಕೇಳ್ಕಂಡು ಎದ್ದು ಹೋದ್ರಿ. ನನ್ ಕೆಲ್ಸ ಏನಂತ ಬರ್ಕೊಂಡ್ರಿ?”

ಮೇಷ್ಟ್ರ ಕನ್ನಡಕ ತಾನಾಗಿಯೇ ಮೂಗಿನ ತುದಿಗೆ ಇಳಿಯಿತು. “ಅದು... ಮನೆಗೆಲ್ಸ ಅಂತ.”

“ಚಿಪ್ಪು ಒಡೆಯೋಳು ಯಾರು? ಕೊಬ್ಬರಿ ಆರಿಸಿ ಒಣಗ್ಸೋಳು ಯಾರು? ಎರಡು ಹಸ, ಹಿತ್ಲು ನೋಡ್ಕಳೋಳು ಯಾರು? ಅಡುಗೆಮನೆವರೆಗೂ ಬಂದು ಕೇಳಿದ್ರೆ ಹೇಳ್ತಿದ್ದೆ.”

“ಯಾರ್ನ ಕೇಳಿದ್ರು, ಯಾರ್ನ ಬಿಟ್ರು,” ಎಂದು ವಿಮಲ ಮೆಲ್ಲಗೆ ಬರೆದುಕೊಂಡಳು.

ಮೇಷ್ಟ್ರು ಎದ್ದು ಕೈಮುಗಿದರು. “ತಪ್ಪಾಯ್ತು ತಾಯಿ. ಪಾಠ ಹೇಳೋನೇ ಫೇಲಾದೆ. ಇದನ್ನ ನಾಳೆ ಕ್ಲಾಸಲ್ಲಿ ನಾನೇ ಹೇಳ್ತೀನಿ.”

ಸೋಮವಾರ ಕೆಂಚಯ್ಯ ಮಟ್ಟೆ ಸುಲಿಯುವ ಕಬ್ಬಿಣ ಹೊತ್ತು, ನಾಲ್ಕು ಆಳಿನೊಂದಿಗೆ ಬಂದ. “ಪೂರಾ ಅಟ್ಟ ತಾನೆ ಯಜಮಾನ್ರೇ?”

“ಮುಂದಿನರ್ಧ ಅಷ್ಟೇ ಕಣ್ಲಾ.”

“ಯಾರಂದ್ರು?”

ಸದಾಶಿವಯ್ಯ ಅಡುಗೆಮನೆಯ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ. “ನಮ್ಮನೆಯೋಳು ಅಂದ್ಳು.” ಊರಿನ ದೊಡ್ಡ ಕಿವಿ ಅಂದು ಮೊದಲ ಸಲ ಮನೆಯ ಮಾತನ್ನೂ ಕೇಳಿಸಿಕೊಂಡಿತು. ಹಿಂದಿನ ಕಾಯಿಗಳನ್ನು ಒಲೆಯ ಕಡೆಗೆ ಸರಿಸಿ, ಆಗುವ ತನಕ ಬಿಟ್ಟರು. ಒಂದು ಉಂಡೆಯೂ ಕೆಡಲಿಲ್ಲ.

ಅತ್ತ ಕ್ಲಾಸಿನಲ್ಲಿ ಏಕಾಂತಯ್ಯ ಮೇಷ್ಟ್ರು ಅಟ್ಟದ ಕತೆಯನ್ನೂ ತಮ್ಮ ಜನಗಣತಿಯ ಕತೆಯನ್ನೂ ದ್ರಾಕ್ಷಾಯಣಮ್ಮನ ದನಿಯಲ್ಲೇ ಹೇಳಿ ಮಕ್ಕಳನ್ನು ನಗಿಸಿದರು. “ಗೊತ್ತಾಯ್ತಾ ಎಲ್ಲರಿಗೂ?” ಎಂದು ಎಂದಿನಂತೆ ಮುಂದಿನ ಬೆಂಚನ್ನು ಕೇಳಿದರು. ಮುಂದಿನ ಬೆಂಚು “ಗೊತ್ತಾಯ್ತು ಸಾರ್” ಎಂದಿತು. ಮೇಷ್ಟ್ರು ಡಸ್ಟರ್ ಎತ್ತಿಕೊಂಡರು.

ವಿಮಲ ಎದ್ದು ನಿಂತಳು. “ಸಾರ್, ನೀವೂ ಅಟ್ಟದ ಬಾಯಲ್ಲಿರೋ ಕಾಯ್ನೇ ಅಲ್ಲಾಡಿಸ್ತಿದೀರ.”

ಮೇಷ್ಟ್ರು ಡಸ್ಟರ್ ಕೆಳಗಿಟ್ಟರು. ಬೆಂಚುಗಳ ನಡುವೆ ನಡೆದು ಕೊನೆಯ ಸಾಲಿನ ತನಕ ಹೋದರು. ಆ ವರ್ಷವೆಲ್ಲ ಬಾಯಿ ಬಿಡದೆ ಕೂತಿದ್ದ ಪುಟ್ಟಗಂಗಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೇಳಿದರು: “ನಿಂಗೇನು ಅನ್ನಿಸ್ತವ್ವ?”

ಅವಳು ಹೇಳಲು ಶುರುಮಾಡಿದಳು. ಗಂಟೆ ಹೊಡೆದರೂ ಮುಗಿದಿರಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಮೇಷ್ಟ್ರೇ, ನಿಮ್ಮ ಮನೆಗೂ ಒಂದು ಅಟ್ಟವಿದೆ. ಪುಸ್ತಕಕ್ಕೂ ಇದೆ, ಪೇಪರಿಗೂ ರೇಡಿಯೋಗೂ ಇದೆ, ಡಾಕ್ಟರ ಮಾತಿಗೂ ಅಜ್ಜಿಯ ಮದ್ದಿಗೂ ಇದೆ. ಯಾವುದನ್ನೂ ಬಿಸಾಡಬೇಡಿ, ಯಾವುದನ್ನೂ ಅಟ್ಟದ ಬಾಯಲ್ಲೇ ನಿಂತು ನಂಬಬೇಡಿ. ಮಕ್ಕಳು ‘ಯಾರನ್ನು ಕೇಳಿ ಬರೆದರು?’ ಎಂದು ಕೇಳಿದರೆ ಗದರಬೇಡಿ, ಏಣಿ ಹಿಡಿದುಕೊಳ್ಳಿ. ಈ ಕತೆಯ ಕರಪತ್ರವನ್ನು ಬರೆದವನಿಗೂ ಒಂದು ವಾಲು ಇದ್ದೇ ಇರುತ್ತದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಮೊದಲು ಹುಡುಕಿ. ಸಾರು ಬಡಿಸುವವರನ್ನೂ ಒಂದು ಮಾತು ಕೇಳಿ.