ಬಿಸಿಯಾದ ಮೇಲೆ ಜಾರುವ ಗೇರು

ಕಾರು ಕೊಳ್ಳುವ ವಿಷಯದಲ್ಲಿ ಕಂಪಾಲಾದಲ್ಲಿ ಸಲಹೆಗೆ ಬರವಿಲ್ಲ. ಬೀದಿಯಲ್ಲಿ ಚಪಾತಿ ಸುಡುವವನಿಂದ ಹಿಡಿದು ಸ್ಟೀರಿಂಗ್ ಮುಟ್ಟಿಯೇ ನೋಡದ ಪಾದ್ರಿಯವರೆಗೆ ಎಲ್ಲರೂ ಹೇಳುವವರೇ. ನಾನೂ ಹೇಳುತ್ತಿದ್ದೆ. ನಾನು ಲೋವಿನ್ಸಾ, ಬಾಡಿಗೆ ಕಾರು ಓಡಿಸಿ ಬದುಕುವವಳು. ಹಿಂದಿನ ಸೀಟಿನಲ್ಲಿ ಕೂತವರಿಗೆಲ್ಲ ಪುಕ್ಕಟೆ ಪಾಠ ಮಾಡಿದ್ದೇನೆ. ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಓಡಿಸಿ ಇಟ್ಟಿದ್ದಾರೆ ಅಂತ ತಿಳಿಯಿರಿ. ಎಂಜಿನ್ನನ್ನು ಫಳಫಳ ತೊಳೆದಿದ್ದರೆ ಸೋರಿದ್ದನ್ನು ಒರೆಸಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರೇ ಹೋಗಬೇಡಿ, ನಿಮ್ಮದೇ ಮೆಕ್ಯಾನಿಕ್ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ.

ಈ ಕೊನೆಯ ಸಲಹೆಯನ್ನು ನಾನೂ ಪಾಲಿಸಿದೆ. ಅದೇ ನನ್ನನ್ನು ಮುಳುಗಿಸಿತು.

ನನ್ನ ಮೆಕ್ಯಾನಿಕ್ ಅಂದರೆ ತಂಗಿ ಎಡಿಸಾಳ ಗಂಡ ಕಿವುಂಬಿ. ಕಟ್ವೆಯಲ್ಲಿ ಅವನ ಗ್ಯಾರೇಜು. ಕಟ್ವೆಗೆ ಕಾರು ಬಿಟ್ಟವರು ಯಾರೂ ಮನೆಗೆ ಹೋಗುವುದಿಲ್ಲ. ಸ್ಟೂಲು ಹಾಕಿಕೊಂಡು ಕಾರಿನ ಪಕ್ಕದಲ್ಲೇ ಕೂರುತ್ತಾರೆ, ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಾರೆ. ಕಣ್ಣು ತಪ್ಪಿದರೆ ಒಳ್ಳೆಯ ಬ್ಯಾಟರಿ ಹೋಗಿ ಸತ್ತ ಬ್ಯಾಟರಿ ಬಂದಿರುತ್ತದೆ. ನಾನು ಮಾತ್ರ ಕೂರುತ್ತಿರಲಿಲ್ಲ. ಮನೆಯ ಅಳಿಯನನ್ನು ಕಾವಲು ಕಾಯುವುದು ಹೇಗೆ? ಕೀ ಕೊಟ್ಟು, ಎಡಿಸಾಳ ಕ್ಷೇಮ ಕೇಳಿ, ಸಂಜೆ ಬರುತ್ತೇನೆಂದು ಹೊರಟುಬಿಡುತ್ತಿದ್ದೆ.

ನನ್ನ ಹಳೆಯ ಬಿಳಿ ಕಾರು ಅಷ್ಟು ವರ್ಷ ಒಂದು ದಿನವೂ ನನ್ನನ್ನು ದಾರಿಯಲ್ಲಿ ಬಿಟ್ಟದ್ದಿಲ್ಲ. ಗೇರು ಕೈಯಿಂದ ಹಾಕುವಂಥದ್ದು. ಬಣ್ಣ ಮಾಸಿತ್ತು, ಎಡಗಡೆಯ ಕಿಟಕಿ ಇಳಿಯುತ್ತಿರಲಿಲ್ಲ, ಆದರೆ ಎಂಥ ಏರಿದ್ದರೂ ಗೊಣಗದೆ ಹತ್ತುತ್ತಿತ್ತು. ಈ ಸಲ ಕಿವುಂಬಿಯ ಗ್ಯಾರೇಜಿನಿಂದ ಎಣ್ಣೆ ಬದಲಿಸಿಕೊಂಡು ಬಂದ ವಾರದಲ್ಲೇ ಅದು ನಡುಗಲು ಶುರುಮಾಡಿತು. ಮಲೇರಿಯಾ ಬಂದವರ ಹಾಗೆ ಇಡೀ ಮೈ ನಡುಗುವುದು, ಏರಿನಲ್ಲಿ ಉಸಿರು ಕಟ್ಟುವುದು. ಹಿಂದೆ ಕೂತ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅರ್ಧ ದಾರಿಯಲ್ಲೇ ಇಳಿದು ಬಾಡಿಗೆಯ ಬೋಡಾ ಬೈಕು ಹತ್ತತೊಡಗಿದರು. ತೆಗೆದುಕೊಂಡು ಹೋಗಿ ಕಿವುಂಬಿಯ ಮುಂದೆ ನಿಲ್ಲಿಸಿದೆ. ಅವನು ಬಾನೆಟ್ಟಿನೊಳಗೆ ತಲೆ ಹಾಕಿ ಅಲ್ಲಿ ತಟ್ಟಿ ಇಲ್ಲಿ ತಟ್ಟಿ ನೋಡಿದ. ರೋಗಿಯ ಮನೆಯವರ ಮುಂದೆ ಡಾಕ್ಟರು ನೋಡುತ್ತಾರಲ್ಲ, ಹಾಗೆ.

"ಎಂಜಿನ್ ಮುಗೀತು ಅತ್ಗೆ," ಅಂದ. "ಇದಕ್ಕೆ ಇನ್ನು ದುಡ್ಡು ಸುರೀಬೇಡಿ. ಓಡ್ತಿರುವಾಗ್ಲೇ ಕೊಟ್ಬಿಡಿ. ನಿಂತ ಮೇಲೆ ಗುಜರಿಯವನೂ ಕೇಳಲ್ಲ."

ಹಳೆಯದನ್ನು ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿ ಹೊಸದಾಗಿ ಬಂದದ್ದನ್ನು ಒಯ್ಯುವುದು ನಮ್ಮಲ್ಲಿ ವಾಡಿಕೆ. ಜಪಾನಿನಲ್ಲಿ ಒಂದಷ್ಟು ವರ್ಷ ಓಡಿ ಹಡಗಿನಲ್ಲಿ ಬಂದಿಳಿದ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಅಂಗಳಗಳಿಗೆ ಬಾಂಡ್ ಅನ್ನುತ್ತಾರೆ. ಅಂಥದ್ದೊಂದಕ್ಕೆ ಅವನೇ ಕರೆದುಕೊಂಡು ಹೋದ. ಬೆಳ್ಳಿ ಬಣ್ಣದ ಕಾರು, ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿಲ್ಲ, ಹಿಂದೆ ಬರುವಾಗ ದಾರಿ ತೋರಿಸುವ ಕ್ಯಾಮೆರಾ, ಗೇರು ತಾನೇ ಬದಲಾಗುವಂಥದ್ದು. ನಾನು ಪಾಠದ ಪ್ರಕಾರವೇ ನಡೆದೆ. ಬೆಳಗಿನ ತಂಪಿನಲ್ಲೇ ಹೋಗಿದ್ದೆ. ಬಾನೆಟ್ ತಣ್ಣಗಿತ್ತು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು, ಸದ್ದೂ ಇಲ್ಲ, ಹೊಗೆಯೂ ಇಲ್ಲ. ಅಂಗಳದಲ್ಲಿ ಸುತ್ತು ಹಾಕಿದೆ, ಬೆಣ್ಣೆಯಲ್ಲಿ ಚಾಕು ಆಡಿದಂತೆ ಓಡಿತು. ಕಿವುಂಬಿ ಕೆಳಗೆ ನುಸುಳಿ, ಎದ್ದು, ಕೈ ಒರೆಸಿಕೊಂಡ. ಚೆನ್ನಾಗಿದೆಯೇ ಎಂದು ಕೇಳಿದ್ದಕ್ಕೆ, ಹಸುಗೂಸು ಅತ್ಗೆ, ಮಗು ಕೂಡ ಓಡಿಸಬಹುದು, ಪೆಟ್ರೋಲು ಕುಡಿಯುವುದೂ ಕಮ್ಮಿ ಅಂದ. ಬಿಳಿಯದನ್ನು ಅಲ್ಲೇ ಕೊಟ್ಟು, ಮೇಲೆ ದುಡ್ಡು ಸೇರಿಸಿ ಬೆಳ್ಳಿ ಕಾರು ತಂದೆ.

ಬಾನೆಟ್ ಮುಟ್ಟಿ ನೋಡಿದ ನಾನು, ಜೊತೆಗೆ ಬಂದವನನ್ನು ಮಾತ್ರ ಮುಟ್ಟಿ ನೋಡಲಿಲ್ಲ.

ಮಳೆಗಾಲ ಮುಗಿಯುವವರೆಗೂ ಕಾರು ಸರಿಯಾಗಿಯೇ ಇತ್ತು. ಆಮೇಲೆ ಒಂದು ಮಧ್ಯಾಹ್ನ ಮಕೆರೆರೆಯ ಏರಿನಲ್ಲಿ, ವಾಹನಗಳ ಸಾಲಿನ ನಟ್ಟನಡುವೆ, ಎಂಜಿನ್ ಕಿರುಚಿತು, ಕಾರು ಮಾತ್ರ ಕದಲಲಿಲ್ಲ. ಒತ್ತಿದಷ್ಟೂ ಕಿರುಚಾಟ. ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದಿನವರೆಲ್ಲ ಹಾರ್ನ್ ಮೇಲೆ ಕೂತುಬಿಟ್ಟರು. ಒಬ್ಬ ಬೋಡಾದವನಂತೂ ಕಿಟಕಿಗೆ ಬಗ್ಗಿ, ಕಾರಿಗೆ ಸುಸ್ತಾಗಿದ್ದರೆ ಎಳನೀರು ಕುಡಿಸಮ್ಮ ಎಂದು ಹೇಳಿ ಹೋದ. ಅರ್ಧ ಗಂಟೆ ಬದಿಗೆ ನಿಲ್ಲಿಸಿದೆ. ತಣ್ಣಗಾದದ್ದೇ ತಡ, ಏನೂ ಆಗಿಲ್ಲವೆಂಬಂತೆ ಹೊರಟಿತು. ಮರುದಿನವೂ ಅದೇ ಕಥೆ. ಗೇರು ಬಿಸಿಯಾದ ಮೇಲೆ ಜಾರುತ್ತದೆ, ತಣ್ಣಗಿರುವಾಗ ಹಿಡಿಯುತ್ತದೆ. ಎಂಜಿನ್ನಿನ ಸುಳ್ಳನ್ನು ಹಿಡಿಯಲು ತಂಪಿನಲ್ಲಿ ಹೋಗಬೇಕು ನಿಜ, ಆದರೆ ಇಂಥ ಗೇರಿನ ಸುಳ್ಳು ತಂಪಿನಲ್ಲೇ ಅಡಗುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ.

ಕಿವುಂಬಿಗೆ ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ ಬಿಸಿಲು ಜಾಸ್ತಿ ಅತ್ಗೆ ಅನ್ನುತ್ತಾನೆ. ಬಿಸಿಲಂತೆ! ಬೇರೆ ಗ್ಯಾರೇಜಿಗೆ ತೋರಿಸಿದೆ. ಅಲ್ಲಿ ಸ್ಟೂಲು ಹಾಕಿಕೊಂಡೇ ಕೂತೆ. ಗೇರ್ ಪೆಟ್ಟಿಗೆ ಸವೆದುಹೋಗಿದೆ, ಕೆಲವು ವಾರ ಮುಚ್ಚಿಡಲು ಯಾರೋ ದಪ್ಪ ಎಣ್ಣೆ ತುಂಬಿದ್ದಾರೆ, ಕೆಳಗೆ ನುಸುಳಿ ನೋಡಿದ ಯಾವ ಮೆಕ್ಯಾನಿಕ್ಕಿಗಾದರೂ ಇದು ಗೊತ್ತಾಗುತ್ತದೆ ಅಂದರು. ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಟ್ಟರು. ಕಾರು ನಿಂತರೆ ನನ್ನ ಮನೆಯ ಒಲೆಯೂ ನಿಂತಂತೆಯೇ. ಆದರೆ ತಂಗಿಯ ಗಂಡನನ್ನು ಕಳ್ಳ ಅನ್ನುವುದಕ್ಕೆ ನಾಲಿಗೆ ಹೊರಳಬೇಕಲ್ಲ.

ಅಷ್ಟರಲ್ಲಿ ಎಡಿಸಾಳ ಫೋನು ಬಂತು. ಭಾನುವಾರ ಊಟಕ್ಕೆ ಬಾ ಅಕ್ಕ, ಒಂದು ವಿಶೇಷ ಇದೆ ಎಂದಳು. ಬೆಳಗಿನ ತಂಪಿನಲ್ಲೇ ಬೆಳ್ಳಿ ಕಾರು ಹತ್ತಿ, ನತೇಟೆಯಲ್ಲಿರುವ ಅವರ ಮನೆಗೆ ಹೋದೆ. ಅಂಗಳದಲ್ಲಿ ನನ್ನ ಬಿಳಿ ಕಾರು ನಿಂತಿತ್ತು. ತೊಳೆದು, ಹೊಸ ಬಣ್ಣ ಬಳಿದು, ಕನ್ನಡಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಎಡಗಡೆಯ ಕಿಟಕಿಯೂ ಈಗ ಇಳಿಯುತ್ತಿತ್ತು.

ಎಡಿಸಾ ಮಂಡಿಯೂರಿ ನಮಸ್ಕರಿಸಿ, ಎದ್ದವಳೇ ಕೈ ಹಿಡಿದು ಎಳೆದಳು. ಮದುವೆಯಾದ ಮೇಲೆ ಗಂಡ ಅವಳಿಗೆ ಕೊಡಿಸಿದ ಮೊದಲ ವಸ್ತುವಂತೆ. ಓಡಿಸುವುದನ್ನೂ ಕಲಿಯುತ್ತಿದ್ದಾಳಂತೆ.

"ನೀನು ಬಾಂಡಿಗೆ ಕೊಟ್ಟಿದ್ದನ್ನ ಇವ್ರೇ ಬಿಡಿಸ್ಕೊಂಡು ಬಂದ್ರು ಅಕ್ಕ. ಅಕ್ಕನಿಗೆ ಕಾರು ನೋಡ್ಕೊಳ್ಳೋಕೆ ಬರಲ್ಲ ಅಂತಿದ್ರು. ನೋಡು, ಒಂದೇ ಸಂಜೇಲಿ ಸರಿ ಮಾಡಿದ್ರು. ಯಾವುದೋ ಒಂದು ವೈರು ಒತ್ತಿದ್ರು, ಅಷ್ಟೆ. ನಡುಕ ನಿಂತೇಹೋಯ್ತು."

ಒಂದು ವೈರು. ಎಣ್ಣೆ ಬದಲಿಸುವಾಗ ಸಡಿಲ ಬಿಟ್ಟದ್ದನ್ನು ಅವನೇ ಸಂಜೆ ಹೊತ್ತು ಒತ್ತಿದ್ದ. ನನಗೆ ಕಿವಿಯವರೆಗೆ ಬಿಸಿ ಏರಿತು. ಅದರಲ್ಲೂ ಕಾರು ನೋಡಿಕೊಳ್ಳಲು ಬರುವುದಿಲ್ಲ ಅನ್ನಿಸಿಕೊಳ್ಳುವುದು! ಆ ಕಾರಿಗೆ ನಾನು ಎಣ್ಣೆ ತಪ್ಪಿಸಿದ್ದಿಲ್ಲ, ನೀರು ತಪ್ಪಿಸಿದ್ದಿಲ್ಲ. ನನಗೆ ಹಲ್ಲು ನೋವಾದಾಗ ತಡೆದುಕೊಂಡು ಮೊದಲು ಅದರ ಬ್ರೇಕು ಮಾಡಿಸಿದ್ದೇನೆ.

ಕಿವುಂಬಿ ಒಳಗಿನಿಂದ ಬಂದ. ನನ್ನನ್ನು ಕಂಡು ಮುಖ ಒಂದು ಕ್ಷಣ ಬಿದ್ದುಹೋಯಿತು, ಆಮೇಲೆ ನಗು ಹಚ್ಚಿಕೊಂಡ. ಬಾಳೆಎಲೆ ಬಿಚ್ಚಿ ಬೇಯಿಸಿದ ಬಾಳೆಕಾಯಿಯ ಮಟೋಕೆ ಬಡಿಸಿದರು, ಕಡಲೆಕಾಯಿ ಸಾರು ಬಂತು. ನನಗೆ ಒಂದೂ ರುಚಿಸಲಿಲ್ಲ. ಕಳ್ಳ ಅಂತ ಕೂಗಿದರೆ ಅವನು ಇಲ್ಲವೆನ್ನುತ್ತಾನೆ, ಎಡಿಸಾ ಅಳುತ್ತಾಳೆ, ಅಕ್ಕಪಕ್ಕದವರು ಬೇಲಿಗೆ ಬರುತ್ತಾರೆ. ಅವನ ಬಾಯಿಂದಲೇ ನಿಜ ಹೊರಡಿಸಬೇಕು ಎಂದುಕೊಂಡೆ. ಕೈ ತೊಳೆದು, ಆದಷ್ಟು ತಣ್ಣಗೆ ಹೇಳಿದೆ.

"ಕಿವುಂಬಿ, ನನಗೆ ಹಳೇದೇ ಅಭ್ಯಾಸ. ಈ ಬೆಳ್ಳಿ ಕಾರು ಎಡಿಸಾಗೆ ಇರಲಿ, ಬಿಳೀದು ನಂಗೆ ಕೊಡಿ. ಮೇಲೆ ಒಂದು ಕಾಸೂ ಬೇಡ."

ಎಡಿಸಾ ಕೈ ತಟ್ಟಿದಳು. ಕ್ಯಾಮೆರಾ ಇರುವ ಕಾರು! ಕಿವುಂಬಿ ಮಾತ್ರ ಗಂಟಲು ಸರಿಮಾಡಿಕೊಂಡ. ಆ ಕಾರು ಪೆಟ್ರೋಲು ಜಾಸ್ತಿ ಕುಡಿಯುತ್ತದೆ ಅಂದ. ಕಮ್ಮಿ ಅಂತ ನೀವೇ ಹೇಳಿದ್ರಲ್ಲ ಅಂದೆ. ಕಲಿಯುವವರಿಗೆ ಅದು ಕಷ್ಟ ಅಂದ. ಮಗು ಕೂಡ ಓಡಿಸಬಹುದು ಅಂದಿದ್ದು ಯಾರು ಎಂದು ಕೇಳಿದೆ. ಅಷ್ಟು ದುಬಾರಿ ಕಾರನ್ನು ಹಾಗೇ ತೆಗೆದುಕೊಳ್ಳುವುದು ಮರ್ಯಾದೆಯಲ್ಲ ಅಂದ. ಅವನಿಗೂ ಮರ್ಯಾದೆಗೂ ಏನು ಸಂಬಂಧವೋ. ಕೊನೆಗೆ ಎಡಿಸಾಳೇ ಮುಖ ಊದಿಸಿಕೊಂಡು, ನನಗೆ ಒಳ್ಳೆಯದು ಸಿಗುವುದು ನಿಮಗೆ ಬೇಡವಾ ಎಂದು ಗಂಡನನ್ನು ಕೇಳಿದಳು.

ಈಗ ಹೇಳಿಯೇ ತೀರುತ್ತಾನೆ ಎಂದು ನಾನು ಕಾದೆ. ಅದು ಕೆಟ್ಟ ಕಾರು ಅಂದರೆ ಸಾಕಿತ್ತು. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ನಗುತ್ತಾ, ಆಗಲಿ ಬಿಡು, ನಿನ್ನ ಅದೃಷ್ಟ ಅಂದ. ಜೇಬಿನಿಂದ ಬಿಳಿ ಕಾರಿನ ಕೀ ತೆಗೆದು ನನ್ನ ಕೈಗೆ ಹಾಕಿದ. ನನ್ನಿಂದ ಬೆಳ್ಳಿ ಕಾರಿನ ಕೀ ತೆಗೆದುಕೊಂಡು, ಸ್ವಂತ ಹೆಂಡತಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದ.

ನನಗೆ ಬೇಕಿದ್ದದ್ದು ಬಿಳಿ ಕಾರೇ. ಸಿಕ್ಕಿಯೇಬಿಟ್ಟಿತು. ನಾಳೆ ಬೆಳಿಗ್ಗೆಯಿಂದ ದುಡಿಯಬಹುದು, ಎದ್ದು ಹೊರಟರಾಯಿತು. ಆಗ ಎಡಿಸಾ ನನ್ನ ತೋಳು ಹಿಡಿದಳು.

"ಅಕ್ಕ, ಚೆನ್ನಾಗಿದೆ ತಾನೆ ಕಾರು?"

ಕೀ ನನ್ನ ಮುಷ್ಟಿಯೊಳಗೆ ಒತ್ತುತ್ತಿತ್ತು. ಸುಮ್ಮನೆ ಹೂಂ ಅಂದಿದ್ದರೆ ಆಗುತ್ತಿತ್ತು. ಹಾಗೆ ಹೂಂ ಅನ್ನುವವನು ಆ ಮನೆಯಲ್ಲಿ ಒಬ್ಬ ಆಗಲೇ ಇದ್ದ. ಎಲ್ಲಾ ಕೆಟ್ಟುಹೋಗಲಿ ಎಂದು ಬಾಯಿ ಬಿಟ್ಟೆ.

"ಇಲ್ಲ. ಅದರ ಗೇರು ಸತ್ತಿದೆ. ಬಿಸಿಯಾದ್ರೆ ಏರಿನಲ್ಲಿ ಹಿಂದಕ್ಕೆ ಜಾರತ್ತೆ. ಬಿಳೀದಕ್ಕೆ ಯಾವ ರೋಗವೂ ಇರ್ಲಿಲ್ಲ. ವೈರು ಸಡಿಲ ಬಿಟ್ಟಿದ್ದೂ ಇವನೇ, ಒತ್ತಿದ್ದೂ ಇವನೇ."

ಕಿವುಂಬಿ ಚಾವಣಿ ನೋಡತೊಡಗಿದ. ಎಡಿಸಾ ಕೂಗಾಡಲಿಲ್ಲ, ಅಳಲೂ ಇಲ್ಲ. ಅವನ ಕಡೆ ತಿರುಗಿ, ಗೇರಿನ ವಿಷಯ ನಿಮಗೆ ಗೊತ್ತಿತ್ತಾ ಎಂದಷ್ಟೇ ಕೇಳಿದಳು.

"ಸ್ವಲ್ಪ," ಅಂದ.

ಸ್ವಲ್ಪವಂತೆ! ನನ್ನ ಜನ್ಮದಲ್ಲಿ ಯಾವ ಮಾತಿಗೂ ಅಷ್ಟು ಸಿಟ್ಟು ಬಂದದ್ದಿಲ್ಲ. ಆದರೆ ನಾನು ಬೈಯುವಷ್ಟರಲ್ಲಿ ಎಡಿಸಾ ಒಳಗೆ ಹೋಗಿದ್ದಳು. ಹೊರಗೆ ಬಂದಾಗ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಕಾಲು ಕಟ್ಟಿದ ಅವಳ ಸಾಕು ಕೋಳಿ. ಬೆಳ್ಳಿ ಕಾರಿನ ಕೀಯನ್ನು ಊಟದ ಚಾಪೆಯ ಮೇಲೆ, ಗಂಡನ ಮುಂದೆ ಇಟ್ಟಳು. ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕೂತು, ಅಪ್ಪನ ಮನೆಗೆ ಬಿಡು ಅಂದಳು. ಅಪ್ಪನ ಮನೆ ಇರುವುದು ದೂರದ ಮಿತ್ಯಾನಾದಲ್ಲಿ. ನಾನು ಊಟಕ್ಕೆಂದು ಹೋದವಳು ತಂಗಿ, ಗಂಟು, ಕೋಳಿ ಎಲ್ಲವನ್ನೂ ಹೊತ್ತು ಹೊರಡಬೇಕಾಯಿತು. ಅಪ್ಪನಿಗೆ ಏನು ಹೇಳುವುದು ಎಂದು ತಲೆ ಕೆಟ್ಟುಹೋಗಿತ್ತು.

ನಮ್ಮಲ್ಲಿ ಹೆಂಡತಿ ಮುನಿದು ತವರಿಗೆ ಹೋದರೆ ಗಂಡ ಫೋನಿನಲ್ಲಿ ಕರೆಯುವಂತಿಲ್ಲ. ಹುಂಜ ಹಿಡಿದು, ಉದ್ದನೆಯ ಬಿಳಿ ನಿಲುವಂಗಿ ತೊಟ್ಟು, ತಾನೇ ಮಾವನ ಅಂಗಳಕ್ಕೆ ಬರಬೇಕು. ಹಿರಿಯರೆಲ್ಲರ ಮುಂದೆ ಕೂತು, ಏನು ಮಾಡಿದೆ ಅಂತ ತನ್ನ ಬಾಯಿಂದಲೇ ಹೇಳಬೇಕು. ಸ್ವಲ್ಪ ಅಂದರೆ ನಮ್ಮಪ್ಪ ಬಿಡುವವನಲ್ಲ.

ಊರು ದಾಟಿದೆವು. ನನ್ನಿಂದಲೇ ಹೀಗಾಯಿತೇನೋ ಎಂದು ಏನೋ ಹೇಳಲು ಹೊರಟೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ತಡೆದಳು.

"ನಿನಗೆ ಮೋಸ ಮಾಡಿದ್ದಕ್ಕಲ್ಲ ಅಕ್ಕ ನಾನು ಹೊರಟಿದ್ದು. ಗೊತ್ತಿದ್ದೂ ಆ ಕೀನ ನನ್ನ ಕೈಗೆ ಕೊಟ್ನಲ್ಲ. ನಗ್ತಾ ನಗ್ತಾ ಕೊಟ್ಟ."

ಗೇರು ಬದಲಿಸಿದೆ. ಕಾರು ಗೊಣಗದೆ ಏರು ಹತ್ತಿತು. ಮೇಲೆ ತಲುಪಿದಾಗ ಅವಳು ಹಿಂತಿರುಗಿ ರಸ್ತೆ ನೋಡಿದಳು.

"ನನ್ನನ್ನ ಕರೆಯೋಕೆ ಅವರು ಯಾವ ಕಾರಲ್ಲಿ ಬರ್ತಾರೆ?"

"ಅವನ ಹತ್ರ ಇರೋದೊಂದೇ."

ಎಡಿಸಾ ಕೋಳಿಯನ್ನು ಮಡಿಲಿಗೆ ಎಳೆದುಕೊಂಡಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಮಿತ್ಯಾನಾಗೆ ಇನ್ನೂ ಎಷ್ಟು ಏರಿದೆ ಅಕ್ಕ?"

"ಬೇಕಾದಷ್ಟಿದೆ," ಅಂದೆ.